ಉಂತುಲೆ

ಮೊದಲು ಕಿಟಕಿಯ ಪರದೆ ಎಳೆಯುತ್ತೇನೆ,
ಆಮೇಲೆ ಬಾಗಿಲ ಚಿಲಕ. ಅದರ ಸದ್ದು
ಅವಳಿಗೆ ಕೇಳಬೇಕು: ಇನ್ನು ಯಾರೂ ಒಳಗೆ ಬರುವುದಿಲ್ಲ.
ಕಂಕನಾಡಿಯ ಬಸ್ಸುಗಳು
ತೊಕ್ಕೊಟ್ಟು ತಲಪಾಡಿ ಎಂದು ಕೂಗಿಕೊಂಡು
ಹೊರಗೇ ಇರುತ್ತವೆ.

ವಾರಿಜ. ನಲ್ವತ್ತಾರು. ಗೇರುಬೀಜದ ಕಾರ್ಖಾನೆ.
ಮೂರು ತಿಂಗಳಿಂದ ನಿಲ್ಲದ ಮುಟ್ಟು.
ಸೀರೆ ಬಿಚ್ಚಿ ಹಸಿರು ಬಟ್ಟೆ ಸುತ್ತಿಕೊಳ್ಳುವಾಗ
ಬೆರಳ ತುದಿಗಳನ್ನು ಮುಷ್ಟಿಯೊಳಗೆ ಅಡಗಿಸಿದಳು.
"ಕೊಳೆ ಅಲ್ಲ ಸಿಸ್ಟರ್, ಬೀಜದ ಎಣ್ಣೆಯ ಕಪ್ಪು.
ಎಷ್ಟು ತೊಳೆದರೂ ಹೋಗುವುದಿಲ್ಲ."

ಬಿಸಿನೀರಿನ ಬೋಗುಣಿಯಲ್ಲಿ
ಬಾತುಕೋಳಿಯ ಕೊಕ್ಕಿನಂಥದ್ದು ಒಂದು ಬೆಚ್ಚಗಾಗುತ್ತಿತ್ತು.
ಅದನ್ನು ಮುಚ್ಚಿಡುವುದಿಲ್ಲ ನಾವು, ತೋರಿಸುತ್ತೇವೆ.
ಒಳಪದರದಿಂದ ಒಂದು ಚೂರು ತೆಗೆಯುವುದು ಎಂದರು ಡಾಕ್ಟರ್ ಪ್ರಫುಲ್ಲಾ.
"ಬೀಜದ ಮೇಲಿನ ತೆಳು ಸಿಪ್ಪೆ ಕೆರೆದ ಹಾಗಾ?"
ಹೌದು, ಹೆಚ್ಚುಕಡಿಮೆ ಹಾಗೆಯೇ.
"ನೋವು ಉಂಟಾ?"
ಉಂಟು, ಎಂದೆ ನಾನು.

ಇಪ್ಪತ್ತು ವರ್ಷ ಹಿಂದೆ ಬೇರೊಂದು ಊರಿನ ಆಸ್ಪತ್ರೆಯಲ್ಲಿ
ಇಂಥದೇ ಮೇಜು, ನಾನು ಮೇಲೆ.
ಏನೂ ಆಗುವುದಿಲ್ಲ ಅಂದರು. ಆಯಿತು.
ಕೂಗಿದೆ. ಎರಡು ಹೆತ್ತವಳಿಗೆ ಇದೆಂಥ ನಾಟಕ,
ಅಂದವಳು ನನ್ನಂಥವಳೇ, ಬಿಳಿ ಟೋಪಿಯವಳು,
ಭಾನುವಾರ ಇಗರ್ಜಿಯಲ್ಲಿ ನನ್ನ ಹಿಂದಿನ ಬೆಂಚು.
ಈಗಲೂ ಅವಳ ಮುಖ ನೆನಪಿಲ್ಲ,
ಚಾವಣಿಯ ಹಲ್ಲಿ ನೆನಪಿದೆ.

ಅದಕ್ಕೇ ಇಲ್ಲಿ ಗಡಿಯಾರವನ್ನು
ಮಲಗಿದವಳಿಗೆ ಕಾಣುವ ಗೋಡೆಗೇ ಹೊಡೆಸಿದ್ದು.
ಮರಗಟ್ಟಿಸುವ ಸೂಜಿ ಹಾಕಿ ಐದು ನಿಮಿಷ ಕಾಯುತ್ತೇವೆ,
ಐದು ಅಂದರೆ ಐದು.
"ಸಾಕು ಅನ್ನಿಸಿದರೆ ಒಂದು ಮಾತು ಹೇಳು, ಯಾವುದಾದರೂ."
ಅವಳು ಯೋಚಿಸಿ ಹೇಳಿದಳು: "ಉಂತುಲೆ."
ತುಳು ಬಾರದ ಡಾಕ್ಟರ್
ಎರಡು ಸಲ ಹೇಳಿ ಕಲಿತುಕೊಂಡರು.

ತೊಡೆಗೆ ಮೊದಲು ಬೆನ್ನುಗೈ, ಆಮೇಲೆ ಬೆಚ್ಚಗಿನ ಉಕ್ಕು.
ಈಗ ಮುಟ್ಟುತ್ತೇನೆ, ಎಂದ ಮೇಲೆಯೇ ಮುಟ್ಟಿದ್ದು.
ನಾನು ಕೇಳಿದೆ, ನಿಮ್ಮಲ್ಲಿ ಬೀಜ ಆರಿಸುವುದು ಹೇಗೆ?
"ನೂರೆಂಬತ್ತು ಎಲ್ಲಕ್ಕಿಂತ ದೊಡ್ಡದು ಸಿಸ್ಟರ್,
ಒಂದು ಪೌಂಡಿಗೆ ಅಷ್ಟೇ ಹಿಡಿಯುವುದು.
ಆಮೇಲೆ ಇನ್ನೂರಹತ್ತು. ಇನ್ನೂರನಲ್ವತ್ತು.
ಮುನ್ನೂರಿಪ್ಪತ್ತು, ಅದೇ ಹೆಚ್ಚು ಓಡುವುದು,
ನಾನ್ನೂ..."
ನಾನ್ನೂರೈವತ್ತು ಬರಲಿಲ್ಲ.
ನನ್ನ ಅಂಗೈಯಲ್ಲಿ ಅವಳ ಉಗುರು.

"ಉಂತುಲೆ."

ನಿಂತರು.
ಕೈ ಅಲ್ಲೇ, ಉಸಿರು ಅಲ್ಲೇ,
ಪಂಖ ಮಾತ್ರ ತಿರುಗುತ್ತಿತ್ತು.
ಅವಳು ತಲೆ ಎತ್ತಿ ನೋಡಿದಳು, ನಿಜವಾಗಿ ನಿಂತಿದ್ದಾರಾ ಎಂದು.
ನಂಬದವಳ ಹಾಗೆ ನನ್ನನ್ನು ನೋಡಿದಳು.
ಜೀವಮಾನದಲ್ಲಿ ಎಷ್ಟು ಸಲ ಹೇಳಿದ್ದಳೋ ಆ ಮಾತು,
ಯಾರಿಗೆಲ್ಲ; ನಾನು ಕೇಳಲಿಲ್ಲ.
ನೋವಿಗೆ ಬಾರದ ನೀರು ಆಗ ಬಂತು,
ಕಿವಿಯ ಕಡೆಗೆ ಇಳಿಯಿತು.

ಗಡಿಯಾರದಲ್ಲಿ ಒಂದೂವರೆ ನಿಮಿಷ.
ಇನ್ನೊಮ್ಮೆ ಔಷಧಿ ಹಾಕಲಾ, ನಾಳೆ ಬರುತ್ತೀಯಾ,
ಬೇಡವೇ ಬೇಡವಾ, ಡಾಕ್ಟರ್ ಕೇಳಿದರು.
ಅವಳು ಮೂಗು ಎಳೆದುಕೊಂಡು ಹೇಳಿದಳು,
"ಔಷಧಿ ಹಾಕಿ. ಇವತ್ತೇ ಆಗಲಿ,
ನಾಳೆ ರಜೆ ಕೊಡುವುದಿಲ್ಲ."

ಮುಗಿದ ಮೇಲೆ ಹೊಟ್ಟೆಗೆ ಬಿಸಿನೀರ ಚೀಲ,
ಸ್ಟೀಲು ಲೋಟದಲ್ಲಿ ಕಣ್ಣಚಾಯ, ಸಕ್ಕರೆ ಜಾಸ್ತಿ.
ಹೆಸರು ಬರೆದ ಪುಟ್ಟ ಬಾಟಲಿ ಕೇಳಿ ಪಡೆದು
ಬೆಳಕಿಗೆ ಹಿಡಿದು ಒಳಗಿನ ಚೂರನ್ನು ನೋಡಿದಳು,
ಆರಿಸುವವಳ ಕಣ್ಣು ಕಿರಿದು ಮಾಡಿ.
"ಥೂ, ಇದು ಪುಡಿ. ಫಾರಿನ್ನಿಗೆ ಹೋಗುವುದಿಲ್ಲ,
ಊರ ಬೇಕರಿಗೇ ಆಯಿತು!"
ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕರೆ ನೋಯುತ್ತದೆ ಎನ್ನುತ್ತ.

ವರದಿ ಬರಲು ಹತ್ತು ದಿನ.
ಅದರ ಬಗ್ಗೆ ನನಗೂ ಹೇಳಲು ಏನಿಲ್ಲ,
ಹೇಳಲೂ ಇಲ್ಲ.

ಬೋಗುಣಿಯ ನೀರು ತಣಿದಿತ್ತು. ಚೆಲ್ಲಿದೆ.
ಹೊಸದನ್ನು ಕಾಯಲು ಇಟ್ಟೆ.
ಹೊರಗಿನ ಬೆಂಚಿನಲ್ಲಿ ಒಬ್ಬ ಹುಡುಗಿ
ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ
ಕೂತಿದ್ದಾಳೆ, ಪಕ್ಕದಲ್ಲಿ ಅತ್ತೆ.
ಮೊದಲು ಅವಳ ಹೆಸರು ಕೇಳಬೇಕು,
ಅತ್ತೆಯಿಂದಲ್ಲ.